ಚುಕ್ಕಿಗಳೊಳಗಿನ ಲಿಂಗ

ನಮ್ಮ ಮನೆಗೆ ಯಾರಾದರೂ ಬಂದರೆ ಮೊದಲು ನೀರು ಕೊಡುವುದಿಲ್ಲ, ಪರೀಕ್ಷೆ ಕೊಡುತ್ತೇವೆ. ನಮ್ಮ ಮನೆ ಅಂದರೆ ತುಮಕೂರಿನ ಸದಾಶಿವನಗರದಲ್ಲಿರುವ ನನ್ನ ಗಂಡನ ಮನೆ. ಹಾಲಿನಲ್ಲಿ, ನ್ಯಾಯವಾಗಿ ಟಿವಿಗೆ ಸಿಗಬೇಕಾಗಿದ್ದ ಗೋಡೆಯ ನಟ್ಟನಡುವೆ, ಸರಿಯಾಗಿ ಮೂಗಿನ ಎತ್ತರಕ್ಕೆ, ಗಾಜು ಹಾಕಿದ ಒಂದು ಚಿತ್ರವಿದೆ. ಚಿತ್ರ ಅಂತ ಮರ್ಯಾದೆಗೆ ಹೇಳುತ್ತಿದ್ದೇನೆ. ಇರುವುದು ಹಸಿರು, ಕಂದು, ನೇರಳೆ ಬಣ್ಣದ ಚುಕ್ಕಿಗಳು ಮಾತ್ರ. ಒಗ್ಗರಣೆಯ ಸಾಸಿವೆ ಸಿಡಿದು ಗೋಡೆಗೆಲ್ಲ ಹಾರಿದರೆ ಹೇಗಿರುತ್ತದೋ ಹಾಗಿದೆ. ಆದರೆ ಅದರೊಳಗೆ ಶಿವಲಿಂಗ ಇದೆಯಂತೆ. ಸುಮ್ಮನೆ ಬರೆದ ಲಿಂಗವಲ್ಲ, ಕೈ ಚಾಚಿದರೆ ಹಿಡಿಗೆ ಸಿಗುತ್ತದೆ ಅನ್ನುವಷ್ಟು ಉಬ್ಬಿ ನಿಂತ ಲಿಂಗ. ಗಾಜಿಗೆ ಮೂಗು ತಾಗಿಸಿ, ಕಣ್ಣನ್ನು ಸಡಿಲ ಬಿಟ್ಟು, ಮೆಲ್ಲಗೆ ಹಿಂದಕ್ಕೆ ಸರಿಯಬೇಕು. ಆಗ ಚುಕ್ಕಿಗಳು ಒಳಕ್ಕೆ ಹೋಗಿ ಲಿಂಗ ಹೊರಗೆ ಬರುತ್ತದೆ. ಕಂಡವರಿಗೆ ಕಾಫಿ, ಕಾಣದವರಿಗೆ ಉಪದೇಶದ ಜೊತೆ ಕಾಫಿ.

ಇದನ್ನು ತಂದವರು ನನ್ನ ಮಾವ. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡು, ದಿನಾ ಬೆಳಿಗ್ಗೆ ತಾವೇ ಕಾರು ಓಡಿಸಿಕೊಂಡು ಹೋಗಿ ಸಂಜೆ ಬರುವ ವ್ಯಾಪಾರಸ್ಥರು. ನನ್ನ ಮದುವೆಗೆ ಮುಂಚೆ ತುಮಕೂರಿನಲ್ಲಿ ನಡೆದ ಯಾವುದೋ ವಸ್ತುಪ್ರದರ್ಶನದಲ್ಲಿ ಇದನ್ನು ನೋಡಿದರಂತೆ. ಮಳಿಗೆಯವನು "ಕಣ್ಣು ಸಡಿಲ ಬಿಡಿ ಸಾರ್" ಅಂದನಂತೆ, ಇವರು ಬಿಟ್ಟರಂತೆ, ಲಿಂಗ ಎದ್ದು ನಿಂತಿತಂತೆ, ಇವರಿಗೆ ಅಲ್ಲೇ ಕಣ್ಣಲ್ಲಿ ನೀರು ಬಂತಂತೆ. ಅದೇ ಮಳಿಗೆಯಲ್ಲಿ ಡೈನೋಸಾರ್, ವಿಮಾನ, ಮೀನು ಅಡಗಿಸಿದ ಇಂಥವೇ ಚಿತ್ರಗಳು ಸಾಲಾಗಿ ತೂಗುತ್ತಿದ್ದವು, ಅವೂ ಮಾವನಿಗೆ ಕಂಡವಂತೆ. ಡೈನೋಸಾರ್ ಕಾಣುವುದಕ್ಕೆ ಯಾರ ಮೇಲೆ ಭಕ್ತಿ ಇರಬೇಕು ಅಂತ ನಾನೊಮ್ಮೆ ಗಂಡನನ್ನು ಕೇಳಿದ್ದೆ. ಇವತ್ತಿಗೂ ಉತ್ತರ ಬಂದಿಲ್ಲ.

ಯಾಕೆಂದರೆ ಮಾವನ ಪ್ರಕಾರ ಇದು ಕಣ್ಣಿನ ಆಟವೇ ಅಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತ ಕೂರುವುದು ನಮ್ಮಲ್ಲಿರುವ ಪದ್ಧತಿ. ಅಂಗೈ ಮೇಲಿನ ಲಿಂಗದಲ್ಲಿ ಯಾರ ದೃಷ್ಟಿ ನಿಂತಿದೆಯೋ ಅವರಿಗೆ ಮಾತ್ರ ಗೋಡೆಯ ಮೇಲಿನ ಲಿಂಗ ಒಲಿಯುತ್ತದೆ ಅನ್ನುವುದು ಮಾವನ ಸಿದ್ಧಾಂತ. ಪೂಜೆಯನ್ನು ಕಾಟಾಚಾರಕ್ಕೆ ಮಾಡುವವರಿಗೆ ಚುಕ್ಕಿಯೇ ಗತಿ. ಮಂಡಿಯಲ್ಲಿ ಕೊಬ್ಬರಿಯನ್ನು ತಟ್ಟಿ ನೋಡಿ ಒಳಗೆ ಹುಳುಕಿದೆಯೋ ಇಲ್ಲವೋ ಹೇಳುವ ಹಾಗೆ, ಮನೆಯಲ್ಲಿ ಜನರನ್ನು ಈ ಚಿತ್ರದ ಮುಂದೆ ನಿಲ್ಲಿಸಿ ತಟ್ಟಿ ನೋಡುತ್ತಿದ್ದರು.

ಇನ್ನು ನನ್ನ ವಿಷಯ. ನನ್ನ ಎಡಗಣ್ಣು ಹುಟ್ಟಿದಾಗಿನಿಂದಲೂ ಸೋಮಾರಿ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಬಲಗಣ್ಣು ಎರಡರ ಕೆಲಸವನ್ನೂ ಮಾಡಿಕೊಂಡು ಹೋಗುತ್ತದೆ. ಕುಣಿಗಲ್‌ನಲ್ಲಿ ಶಾಲೆಗೆ ಹೋಗುವಾಗ ಗೊತ್ತಾಯಿತು. ಬಲಗಣ್ಣಿಗೆ ಬಟ್ಟೆ ಕಟ್ಟಿ ಎಡಗಣ್ಣನ್ನು ದುಡಿಸಿ ನೋಡಿದರು, ಅಷ್ಟು ಹೊತ್ತಿಗೆ ಕಾಲ ಮೀರಿತ್ತು. ನನಗೇನೂ ಕಷ್ಟವಾಗಲಿಲ್ಲ. ಓದಿದೆ, ಬರೆದೆ, ಸೂಜಿಗೆ ದಾರವನ್ನೂ ಪೋಣಿಸುತ್ತೇನೆ. ಒಂದು ಕಣ್ಣಲ್ಲಿ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ, ಅದಕ್ಕೆ ಲೋಟಕ್ಕೆ ನೀರು ಹಾಕುವಾಗ ಮೊದಲು ಚೊಂಬನ್ನು ಲೋಟದ ಅಂಚಿಗೆ ತಾಗಿಸಿ ಆಮೇಲೆ ಬಗ್ಗಿಸುವುದನ್ನು ಚಿಕ್ಕಂದಿನಲ್ಲೇ ಕಲಿತುಬಿಟ್ಟೆ. ಇಂಥ ಹತ್ತಾರು ಉಪಾಯಗಳಿವೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಮದುವೆ ಮಾತುಕತೆಯಲ್ಲಿ ಇದನ್ನು ಹೇಳಲಿಲ್ಲ. "ಕೇಳಿದ್ರೆ ಹೇಳು, ಕೇಳ್ದಿದ್ರೆ ಬಾಯ್ ಮುಚ್ಕೊಂಡಿರು" ಅಂದಿದ್ದಳು ನನ್ನ ಅಮ್ಮ. ಅವರೇನು ಕಡಿಮೆ ಕೇಳಿದರೇ? ಯಾವ ಮಠದ ಒಕ್ಕಲು, ಲಿಂಗದೀಕ್ಷೆ ಆಗಿದೆಯೇ, ರೊಟ್ಟಿ ತಟ್ಟಲು ಬರುತ್ತದೆಯೇ, ಮುದ್ದೆ ಗಂಟಿಲ್ಲದೆ ತಿರುವುತ್ತೀಯಾ, ಸಂಜೆ ಹೊತ್ತು ವಚನ ಹೇಳುತ್ತೀಯಾ, ಎಲ್ಲ ಕೇಳಿದರು. ನಡೆಸಿ ನೋಡಿದರು. ಕೂದಲು ಸ್ವಂತದ್ದೇ ಅಂತ ಅತ್ತೆ ಜಡೆ ಹಿಡಿದು ಖಾತ್ರಿ ಮಾಡಿಕೊಂಡರು. ಕಣ್ಣು ಕಾಣುತ್ತದೆಯೇ ಅಂತ ಒಬ್ಬರೂ ಕೇಳಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಮದುವೆಯಾದ ಮೇಲೆ ಹೇಳಿದರೆ "ಮೋಸ ಮಾಡಿದ್ರು ಕುಣಿಗಲ್ಲೋರು" ಅಂತ ನಮ್ಮಪ್ಪನಿಗೆ ಮಾತು ಬರುತ್ತದೆ, ಅದನ್ನು ನಾನು ಸಹಿಸುವವಳಲ್ಲ. ಹಾಗಾಗಿ ಆಮೇಲೂ ಮುಚ್ಚಿಕೊಂಡೇ ಇದ್ದೆ.

ಮನೆ ತುಂಬಿಸಿಕೊಂಡ ದಿನ ಸೇರಕ್ಕಿ ಒದ್ದು ಒಳಗೆ ಬಂದವಳನ್ನು ನೆಟ್ಟಗೆ ಚಿತ್ರದ ಮುಂದೆ ನಿಲ್ಲಿಸಿದರು. ಸುತ್ತ ನೆಂಟರಿಷ್ಟರು. ಹಣೆಗೆ ಕಟ್ಟಿದ ಬಾಸಿಂಗ ಗಾಜಿಗೆ ತಗುಲಿ ಟಕಟಕ ಸದ್ದು ಮಾಡಿತು. ಮೂಗು ತಾಗಿಸಿದೆ, ಹಿಂದೆ ಸರಿದೆ, ಮತ್ತೆ ತಾಗಿಸಿದೆ. ಎರಡು ಕಣ್ಣೂ ಸೇರಿ ಮಾಡಬೇಕಾದ ಕೆಲಸ ಅದು ಅಂತ ನನಗೆ ಆಗ ಗೊತ್ತಿರಲಿಲ್ಲ.

"ಏನ್ ಕಾಣ್ತಮ್ಮ?" ಅಂದರು ಮಾವ.

"ಚುಕ್ಕಿ" ಅಂದೆ.

ಯಾರೋ ಕೆಮ್ಮಿದರು. ಮಾವ ಬಹಳ ಮೆತ್ತಗೆ, ಕಾಯಿಲೆಯವರನ್ನು ವಿಚಾರಿಸುವ ಹಾಗೆ, "ಲಿಂಗಪೂಜೆ ದಿನಾ ಮಾಡ್ತೀಯೇನಮ್ಮ?" ಅಂದರು. "ಮಾಡ್ತೀನಿ ಮಾವ." "ಮನಸಿಟ್ಟು?"

ಮನಸ್ಸನ್ನು ಇನ್ನೆಲ್ಲಿಡಲಿ, ಲಾಕರಿನಲ್ಲೇ? ಆದರೆ ಹೊಸ ಸೊಸೆ ಅಂತ ನುಂಗಿಕೊಂಡೆ. ಅಂದಿನಿಂದ ನಾನು ಆ ಮನೆಯಲ್ಲಿ ಭಕ್ತಿ ಸಾಲದವಳು. ಒಳ್ಳೆಯ ಹುಡುಗಿ, ಕೆಲಸದವಳು, ಅಡುಗೆಗೆ ಕೈ ರುಚಿ ಇದೆ, ಆದರೆ ಅದೊಂದು ಸಾಲದು. ಎರಡು ವರ್ಷದ ನಂತರ ಮೈದುನನ ಮದುವೆಯಾಗಿ ಓರಗಿತ್ತಿ ಬಂದಳು. ಅವಳಿನ್ನೂ ಮೂಗು ಗಾಜಿಗೆ ಮುಟ್ಟಿಸಿಯೇ ಇರಲಿಲ್ಲ, "ಆಹಾ, ಲಿಂಗ!" ಅಂತ ಕೈ ಮುಗಿದುಬಿಟ್ಟಳು. ಅಷ್ಟು ವೇಗದ ಭಕ್ತಿಯನ್ನು ಮಾವನೂ ನೋಡಿರಲಿಲ್ಲ. ದೇವರಮನೆಯ ಉಸ್ತುವಾರಿ ಅವಳ ಪಾಲಿಗೆ ಹೋಯಿತು. ನನ್ನ ಪಾಲಿಗೆ ಬಂದದ್ದು ಚಿತ್ರದ ಗಾಜು ಒರೆಸುವ ಕೆಲಸ. ಬಂದವರೆಲ್ಲ ಒತ್ತಿ ಹೋದ ಮೂಗಿನ ಜಿಡ್ಡು ಗಾಜಿನ ಮೇಲೆ ಅಲ್ಲಲ್ಲಿ ಕೂತಿರುತ್ತಿತ್ತು. ಬೀಗರ ಮೂಗು, ಸ್ವಾಮಿಗಳ ಶಿಷ್ಯರ ಮೂಗು, ಮಂಡಿಯ ಗಿರಾಕಿಗಳ ಮೂಗು, ಭೇದವಿಲ್ಲದೆ ಎಲ್ಲವನ್ನೂ ಒರೆಸಿದ್ದೇನೆ. ಸಮಾನತೆ ಅಂದರೆ ಅದು.

ನನ್ನ ಗಂಡನನ್ನು ಒಮ್ಮೆ ಏಕಾಂತದಲ್ಲಿ ಹಿಡಿದು ಕೇಳಿದೆ. "ರೀ, ನಿಜ ಹೇಳಿ, ನಿಮಗೆ ಕಾಣುತ್ತಾ?"

"ಕಾಣುತ್ತೆ ಕಣೇ... ಒಂಥರಾ."

"ಒಂಥರಾ ಅಂದ್ರೆ?"

"ಅಪ್ಪ ಪಕ್ಕದಲ್ಲಿದ್ರೆ ಚೆನ್ನಾಗಿ ಕಾಣುತ್ತೆ" ಅಂದು ಮಗ್ಗುಲು ತಿರುಗಿಕೊಂಡರು. ಪುಣ್ಯಾತ್ಮ.

ಹೀಗೆ ವರ್ಷಗಳು ಹೋದವು. ಕಳೆದ ಶಿವರಾತ್ರಿಗೆ ಮನೆ ತೊಳೆದು ಬಳಿಯುವಾಗ ಏಣಿ ಜಾರಿ ಚಿತ್ರಕ್ಕೆ ಬಡಿಯಿತು. ಗಾಜು ಬಿರಿಯಿತು, ಫ್ರೇಮು ಮೂಲೆಯಲ್ಲಿ ಬಿಟ್ಟುಕೊಂಡಿತು. ಮಾವ ಗುಬ್ಬಿಗೆ ಹೋಗಿದ್ದರು. ಅವರು ಬರುವುದರೊಳಗೆ ಸರಿಮಾಡಿಸಬೇಕು ಅಂತ ಅತ್ತೆ ಕೈಕೈ ಹಿಸುಕಿಕೊಂಡರು. ಗಾಜಿನ ಖಾತೆ ನನ್ನದಲ್ಲವೇ, ನಾನೇ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿಟ್ಟುಕೊಂಡು ಫ್ರೇಮ್ ಅಂಗಡಿಗೆ ಹೋದೆ. ಅವನು ಹಳೆ ಫ್ರೇಮು ಕಿತ್ತೆಸೆದು, ಗಾಜು ಕತ್ತರಿಸಿ, ಹೊಸ ಫ್ರೇಮಿಗೆ ಚಿತ್ರ ಕೂರಿಸುವ ಮುಂಚೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನು ನೋಡಿದ.

"ಯಾವ್ ಕಡೆ ಮ್ಯಾಲೆ ಮೇಡಂ?"

ನಾನು ನೋಡಿದೆ. ಮೇಲೂ ಸಾಸಿವೆ, ಕೆಳಗೂ ಸಾಸಿವೆ. ಅವನು ತಿರುಗಿಸಿ ಹಿಡಿದ. ಹಾಗೂ ಸಾಸಿವೆ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ಕತ್ತು ಉದ್ದ ಮಾಡಿದರು. ಅಡಿಯಲ್ಲಿ ಏನಾದರೂ ಅಚ್ಚಾಗಿದೆಯೇ ಅಂತ ಹುಡುಕಿದರೆ, ಮೊದಲ ಸಲ ಕಟ್ಟು ಹಾಕಿದ ಮಹಾನುಭಾವ ಅಂಚನ್ನು ನೀಟಾಗಿ ಕತ್ತರಿಸಿಬಿಟ್ಟಿದ್ದ. ನಮ್ಮ ಮನೆಯ ದೇವರ ತಲೆ ಯಾವುದು, ಬುಡ ಯಾವುದು ಅಂತ ನನಗೆ ಗೊತ್ತಿಲ್ಲ ಅಂತ ಆ ನಡುಬೀದಿಯಲ್ಲಿ ಒಪ್ಪಿಕೊಳ್ಳಲೇ? ಮಾವನ ಮನೆಯಲ್ಲಿ ಕಲಿತ ಗತ್ತಿನಲ್ಲಿ, ಒಂದು ಕ್ಷಣವೂ ತಡೆಯದೆ, "ಇದೇ ಮೇಲೆ, ಕಾಣ್ಸಲ್ವಾ?" ಅಂದೆ. ಅವನು ಪಾಪ, "ಹೂಂ, ಕಾಣ್ತು ಮೇಡಂ" ಅಂದ. ನಮ್ಮ ಮನೆಯ ರೋಗ ಅವನಿಗೂ ಅಂಟಿತು.

ಸಂಜೆಯೊಳಗೆ ಚಿತ್ರ ಗೋಡೆಯ ಮೇಲಿತ್ತು. ಮಾವ ಬಂದರು, ಹೊಸ ಫ್ರೇಮು ಚೆನ್ನಾಗಿದೆ ಅಂದರು, ಮೂಗು ತಾಗಿಸಿದರು, ಹಿಂದೆ ಸರಿದರು, ಕೈ ಮುಗಿದರು. ಫಿಫ್ಟಿ-ಫಿಫ್ಟಿ ಅವಕಾಶದಲ್ಲಿ ಗೆದ್ದೆ ಅಂತ ಅವತ್ತು ನನಗೆ ನಾನೇ ಒಂದು ಲೋಟ ಹೆಚ್ಚಿಗೆ ಕಾಫಿ ಮಾಡಿಕೊಂಡೆ.

ಆಮೇಲೆ ಶಿವರಾತ್ರಿ ಕಳೆಯಿತು, ಯುಗಾದಿ ಕಳೆಯಿತು, ಮಳೆಗಾಲ ಬಂತು. ಎಷ್ಟೋ ಜನ ಬಂದರು, ಮೂಗೊತ್ತಿದರು, ಕೊಂಡಾಡಿದರು. ಓರಗಿತ್ತಿ ದಿನಾ ಬೆಳಿಗ್ಗೆ ಅದರ ಮುಂದೆ ಕಣ್ಣರಳಿಸಿ ನಿಲ್ಲುತ್ತಿದ್ದಳು. ಮಾವ ಮಾತ್ರ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲತೊಡಗಿದ್ದರು. ಲಿಂಗಪೂಜೆಯೂ ಉದ್ದವಾಯಿತು. ಮಂಡಿಗೆ ಹೊರಡುವುದು ತಡವಾಗಿ, "ಇವ್ರಿಗೇನೋ ವೈರಾಗ್ಯ ಬಂದಂಗಿದೆ" ಅಂತ ಅತ್ತೆ ಅಡುಗೆಮನೆಯಲ್ಲಿ ಗೊಣಗುತ್ತಿದ್ದರು. ಆ ನಡುವೆ ಬಿದರೆಹಳ್ಳ ಕಾವಲ್ ಕಡೆ ಯಾರದೋ ತೋಟದ ಫಸಲು ನೋಡಲು ಹೋದವರು ಕಾರಿನ ಎಡಮಗ್ಗುಲನ್ನು ಉದ್ದಕ್ಕೂ ಒಂದು ಕಲ್ಲುಕಂಬಕ್ಕೆ ಉಜ್ಜಿಕೊಂಡು ಬಂದರು. ಕೇಳಿದರೆ, "ಮ್ಯಾಲೆ ಹೆಲಿಕಾಪ್ಟರ್ ಹೋಗ್ತಿತ್ತು ಕಣಯ್ಯ, ನೋಡ್ತಿದ್ದೆ" ಅಂದರು. ಅಲ್ಲಿ ಹೆಲಿಕಾಪ್ಟರ್ ಮಾಡುವ ಕಾರ್ಖಾನೆ ಬಂದಾಗಿನಿಂದ ಆ ಸುತ್ತಿನವರಿಗೆ ಎಲ್ಲದಕ್ಕೂ ಒಂದು ಅನುಕೂಲವಾದ ನೆಪ ಸಿಕ್ಕಿದೆ. ನನ್ನ ಗಂಡ ನಂಬಿದರು. ಅವರು ಅಪ್ಪ ಹೇಳಿದ್ದನ್ನೆಲ್ಲ ನಂಬುತ್ತಾರೆ.

ಹೀಗಿರುವಾಗ ಕಡಬದ ಅತ್ತೆ ಬಂದರು. ಮಾವನ ಒಬ್ಬರೇ ತಂಗಿ, ಕಡಬದ ಕೆರೆ ಹಿಂದೆ ತೋಟ ಮಾಡಿಕೊಂಡಿರುವವರು. ಬಾಯಿಗೆ ಬೀಗವಿಲ್ಲ. ಗೃಹಪ್ರವೇಶಕ್ಕೆ ಕರೆಯಲಿಲ್ಲ ಅಂತ ಸಿಟ್ಟು ಮಾಡಿಕೊಂಡು ಎಷ್ಟೋ ವರ್ಷ ಈ ಮನೆಯ ಹೊಸಿಲು ತುಳಿದಿರಲಿಲ್ಲ, ಹಾಗಾಗಿ ಚಿತ್ರವನ್ನು ನೋಡಿಯೇ ಇರಲಿಲ್ಲ. ಆ ಭಾನುವಾರ ಸಿಟ್ಟು ಇಳಿದು, ಎರಡು ಚೀಲ ಎಳನೀರು ಹೇರಿಕೊಂಡು ಬಂದರು. ಮನೆಯವರೆಲ್ಲ ಹಾಲಿನಲ್ಲಿ ಸೇರಿದೆವು. ಮಾವ ಸಂಭ್ರಮದಿಂದ ತಂಗಿಯನ್ನು ಚಿತ್ರದ ಮುಂದೆ ನಿಲ್ಲಿಸಿದರು.

ಕಡಬದ ಅತ್ತೆ ಮೂಗು ಒತ್ತಿದರು. ಹಿಂದಕ್ಕೆ ಸರಿದರು. ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿದರು. ಇನ್ನೂ ವಾಲಿಸಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಣ್ಣನ ಕಡೆ ತಿರುಗಿದರು.

"ಅಲ್ಲ ಕಣಣ್ಣಯ್ಯ, ಲಿಂಗ ಯಾಕೆ ತಲೆಕೆಳಗ್ ಮಾಡಿ ಇಟ್ಕೊಂಡಿದೀಯ?"

"ಏನಂದೆ?"

"ಪಾಣಿಪೀಠ ಮ್ಯಾಲೈತೆ, ಲಿಂಗ ಕೆಳಗ್ ನೇತಾಡ್ತೈತೆ! ಬಾವಲಿ ನೇತಾಕ್ಕೊಂಡಂಗೆ! ನಿಮ್ಮನೇಲಿ ಯಾರೂ ನೋಡಿಲ್ವಾ ಇದ್ನ?"

ಗಂಡ ನೆಲ ನೋಡಿದರು. ಮೈದುನ ಮೊಬೈಲ್ ನೋಡಿದ. ಓರಗಿತ್ತಿಯ ಮುಖ ನೋಡಬೇಕಿತ್ತು, ಐದು ತಿಂಗಳಿನಿಂದ ಬೆಳಗಾಗೆದ್ದು ತಲೆಕೆಳಗಾದ ಲಿಂಗಕ್ಕೆ ಆನಂದಬಾಷ್ಪ ಸುರಿಸಿದವಳು. ಒಳಗೊಳಗೇ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಸಂತೋಷ ಪೂರ್ತಿ ಏರುವ ಮುಂಚೆಯೇ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಫ್ರೇಮು ಹಾಕಿಸಿದವಳು ನಾನು ತಾನೆ.

"ಅಕ್ಕನೇ ಅಲ್ವಾ ಹಾಕಿಸ್ಕೊಂಡ್ ಬಂದಿದ್ದು" ಅಂದಳು ಓರಗಿತ್ತಿ, ಬಹಳ ಮೃದುವಾಗಿ.

"ಹೌದು ಕಣಮ್ಮ, ನಾನೇ" ಅಂದೆ. "ನಂಗಂತೂ ಕಾಣಲ್ಲ ಅಂತ ಬಂದ್ ದಿನಾನೇ ಹೇಳಿದೀನಿ. ಕಾಣೋರೆಲ್ಲ ಇಷ್ಟ್ ದಿನ ಏನ್ ನೋಡ್ತಿದ್ರಿ?"

ಆಗ ಮಾವ ಗಂಟಲು ಸರಿಮಾಡಿಕೊಂಡರು. "ನಂಗೆ ಮೊದಲ್ನೇ ದಿನಾನೇ ಗೊತ್ತಾಯ್ತು. ಯಾರಿಗೆ ಕಾಣುತ್ತೆ, ಯಾರಿಗೆ ಕಾಣಲ್ಲ, ಪರೀಕ್ಷೆ ಮಾಡೋಣ ಅಂತ ಸುಮ್ನಿದ್ದೆ" ಅಂದರು.

ನನ್ನ ಅತ್ತೆ ಆ ಹೊತ್ತಿಗೆ, ಯಾರೂ ಕೇಳದೆಯೇ, ಸೋಫಾದ ಮೂಲೆಯಿಂದ ಹೇಳಿದರು: "ನಾನಂತೂ ಮದುವೆಯಾದಾಗಿಂದ ಇವ್ರು ತೋರ್ಸಿದ್ದನ್ನೆಲ್ಲ ಕಾಣ್ತು ಅಂತ್ಲೇ ಹೇಳ್ಕೊಂಡ್ ಬಂದಿದೀನಪ್ಪ." ಕಡಬದ ಅತ್ತೆ ಬಿದ್ದು ಬಿದ್ದು ನಕ್ಕರು. ಮಾವ ನಗಲಿಲ್ಲ.

ಮಾತು ತಪ್ಪಿಸಲು ಮಾವ ಟೀಪಾಯಿಯ ಮೇಲಿದ್ದ ಫ್ಲಾಸ್ಕ್ ಎತ್ತಿಕೊಂಡು ತಂಗಿಗೆ ತಾವೇ ಕಾಫಿ ಬಗ್ಗಿಸಿದರು. ಕಾಫಿ ಲೋಟದ ಆಚೆ, ಒಂದು ಬೆರಳಿನಷ್ಟು ಆಚೆ, ಸೀದಾ ಟೀಪಾಯಿಯ ಮೇಲೆ ಬಿತ್ತು. ಅವರು ಬಗ್ಗಿಸುತ್ತಲೇ ಇದ್ದರು. "ಅಯ್ಯಯ್ಯೋ ಅಣ್ಣಯ್ಯ" ಅಂತ ಕಡಬದ ಅತ್ತೆ ಕಾಲು ಮೇಲೆತ್ತಿಕೊಂಡರು. "ಕೈ ನಡುಗ್ತು" ಅಂದರು ಮಾವ.

ಕೈ ನಡುಗಿರಲಿಲ್ಲ. ನಾನು ನೋಡುತ್ತಿದ್ದೆ. ಕೈ ಕಲ್ಲಿನ ಹಾಗೆ ನಿಂತಿತ್ತು, ಲೋಟ ಎಲ್ಲಿದೆ ಅನ್ನುವುದು ಮಾತ್ರ ತಪ್ಪಿತ್ತು. ಆ ತಪ್ಪನ್ನು ನಾನು ಏಳು ವರ್ಷದವಳಿದ್ದಾಗ ದಿನಾ ಮಾಡಿ ದಿನಾ ಬೈಸಿಕೊಂಡಿದ್ದೇನೆ. ಆ ತಪ್ಪು ನನ್ನದು, ಅದು ಬೇರೆಯವರ ಕೈಯಲ್ಲಿ ನಡೆದರೂ ಗುರುತು ಹಿಡಿಯುತ್ತೇನೆ. ಕಲ್ಲುಕಂಬ, ಎಡಮಗ್ಗುಲು, ತಡವಾಗುವ ಪೂಜೆ, ಐದು ತಿಂಗಳು ಕಾಣದೆ ಹೋದ ತಲೆಕೆಳಗಾದ ಲಿಂಗ, ಎಲ್ಲ ಒಟ್ಟಿಗೆ ಬಂದು ಕೂಡಿಕೊಂಡಿತು. ಈ ಮನುಷ್ಯನ ಒಂದು ಕಣ್ಣು ಹೋಗಿದೆ, ಇಲ್ಲವೇ ಹೋಗುತ್ತಿದೆ. ಇದೇ ಕಣ್ಣಿಟ್ಟುಕೊಂಡು ಹೈವೇಯಲ್ಲಿ ಲಾರಿಗಳ ನಡುವೆ ದಿನಾ ಗುಬ್ಬಿಗೆ ಹೋಗಿಬರುತ್ತಿದ್ದಾರೆ.

ಊಟವಾದ ಮೇಲೆ ಮಾವ ಕಾರಿನ ಕೀ ತೆಗೆದುಕೊಂಡು, "ನಡಿಯಮ್ಮ, ನಾನೇ ಕಡಬಕ್ಕೆ ಬಿಟ್ ಬರ್ತೀನಿ" ಅಂತ ತಂಗಿಯನ್ನು ಎಬ್ಬಿಸಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಮಾವ, ನೀವು ಓಡಿಸ್ಬೇಡಿ. ಇವ್ರು ಹೋಗ್ತಾರೆ."

"ಯಾಕೆ? ನಂಗೇನಾಗಿದೆ?"

"ನಿಮ್ಗೆ ಎಡಗಣ್ಣು ಕಾಣ್ತಿಲ್ಲ."

ಆ ಮನೆಯಲ್ಲಿ ಮಾವನಿಗೆ ಎದುರು ಮಾತಾಡಿದವರು ಯಾರೂ ಇರಲಿಲ್ಲ. ಅವರ ಮುಖ ಕೆಂಪಗಾಯಿತು. "ಏನೇ ಮಾತಾಡ್ತಿದೀಯ" ಅಂತ ಗಂಡ ನನ್ನ ರಟ್ಟೆ ಹಿಡಿದು ಎಳೆದರು. ಫ್ರೇಮು ತಲೆಕೆಳಗೆ ಹಾಕಿಸಿದ್ದಲ್ಲದೆ ಹಿರಿಯರಿಗೆ ಕುರುಡು ಅನ್ನುತ್ತಾಳೆ ಅಂತ ಓರಗಿತ್ತಿಯ ಪಿಸುಮಾತು ಕೇಳಿಸಿತು. "ನಿಂಗ್ ಹೆಂಗಮ್ಮ ಗೊತ್ತು ನನ್ ಕಣ್ಣಿನ್ ವಿಷ್ಯ? ನೀನೇನ್ ಡಾಕ್ಟ್ರಾ?" ಅಂದರು ಮಾವ.

"ನಂಗೂ ಒಂದು ಕಣ್ಣಿಲ್ಲ, ಅದಕ್ಕೇ ಗೊತ್ತು" ಅಂದುಬಿಟ್ಟೆ. "ಎಡಗಣ್ಣು, ಹುಟ್ಟಿದಾಗಿಂದ. ನಮ್ಮಪ್ಪ ಅಮ್ಮ ಹೇಳ್ಲಿಲ್ಲ, ನೀವು ಕೇಳ್ಲಿಲ್ಲ. ಈಗ ಬೇಕಾದ್ರೆ ಕುಣಿಗಲ್ಲಿಗೆ ಫೋನ್ ಮಾಡಿ ಬೈರಿ. ಆದ್ರೆ ಕೀ ಕೊಡಿ ಮೊದ್ಲು."

ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಒಂದೇ ಉಸಿರಿಗೆ ಹೊರಗೆ ಬಿತ್ತು. ಗಂಡ ನನ್ನ ಎರಡೂ ಕಣ್ಣುಗಳನ್ನು ಒಂದಾದ ಮೇಲೊಂದು ನೋಡಿದರು, ಅಂಗಡಿಯಲ್ಲಿ ಕೊಂಡ ಸಾಮಾನಿನಲ್ಲಿ ಒಡಕಿದೆಯೇ ಅಂತ ನೋಡುವ ಹಾಗೆ. ಅವರ ಲೆಕ್ಕ ಆಮೇಲೆ ನೋಡಿಕೊಂಡೆ, ಅದು ಇಲ್ಲಿ ಬೇಡ. ಕಡಬದ ಅತ್ತೆ ಮುಂದೆ ಬಂದು ಅಣ್ಣನ ಬಲಗಣ್ಣಿಗೆ ತಮ್ಮ ಅಂಗೈ ಅಡ್ಡ ಹಿಡಿದರು. ಇನ್ನೊಂದು ಕೈಯನ್ನು ಅವರ ಮುಖದ ಮುಂದೆ ಚಾಚಿ, "ಎಷ್ಟ್ ಬೆರಳು ಹೇಳಣ್ಣಯ್ಯ" ಅಂದರು.

ಮಾವ ಕೀಯನ್ನು ಟೀಪಾಯಿಯ ಮೇಲೆ ಇಟ್ಟರು.

ಗಂಡ ಕಡಬದ ಅತ್ತೆಯನ್ನು ಊರಿಗೆ ಕರೆದುಕೊಂಡು ಹೋದರು. ಉಳಿದವರು ಒಬ್ಬೊಬ್ಬರೇ ತಮ್ಮ ತಮ್ಮ ಕೋಣೆ ಸೇರಿದರು. ನಾನು ಟೀಪಾಯಿ ಒರೆಸುತ್ತಿದ್ದೆ, ಒರೆಸುವುದು ಹೇಗೂ ನನ್ನ ಇಲಾಖೆ. ಸೋಫಾದಲ್ಲಿ ಕೂತ ಮಾವ ಏಳಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ನೋಡದೆ, "ಹೋದ್ ಶಿವರಾತ್ರಿಗಿಂತ ಮುಂಚಿಂದ ಕಣಮ್ಮ" ಅಂದರು.

"ಏನು ಮಾವ?"

"ಕಾಣ್ತಿಲ್ಲ. ಮೊದ್ಮೊದ್ಲು ಲಿಂಗ ಬರೋದು ತಡ ಆಗೋದು. ಆಮೇಲೆ ಮಾಸಲಾಯ್ತು. ಒಂದಿನ ಬೆಳಿಗ್ಗೆ ನಿಂತ್ಕೊಂಡ್ರೆ ಬರೀ ಚುಕ್ಕಿ. ನಂಗೆ, ನಂಗೇ ಬರೀ ಚುಕ್ಕಿ!"

"ಡಾಕ್ಟ್ರಿಗೆ ತೋರಿಸ್ಬಾರ್ದಿತ್ತಾ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆ ಆಲೋಚನೆ ಅವರಿಗೆ ಬಂದೇ ಇರಲಿಲ್ಲ. ಭಕ್ತಿ ಇದ್ದವರಿಗೆ ಕಾಣುತ್ತದೆ, ಇಲ್ಲದವರಿಗೆ ಕಾಣುವುದಿಲ್ಲ ಅಂತ ಊರಿಗೆಲ್ಲ ಹೇಳಿದವರು ಅವರೇ ತಾನೆ? ಅವರಿಗೆ ಕಾಣಲಿಲ್ಲ ಅಂದರೆ ಕಣ್ಣು ಹೋಯಿತು ಅಂತ ಅಲ್ಲ, ಶಿವ ಹೋದ ಅಂತ ಅರ್ಥ. ಯಾವುದೋ ತೂಕದಲ್ಲಿ ತಪ್ಪಾಯಿತೇ, ಯಾರ ಮನಸ್ಸಾದರೂ ನೋಯಿಸಿದೆನೇ, ತಂಗಿಯನ್ನು ಗೃಹಪ್ರವೇಶಕ್ಕೆ ಕರೆಯದೆ ಇದ್ದದ್ದಕ್ಕೋ ಅಂತ ಹುಡುಕಿ ಹುಡುಕಿ ಪಾಪಗಳನ್ನು ಆಯ್ದಿದ್ದಾರೆ. ತಂಗಿಗೆ ಫೋನ್ ಮಾಡಿ ಮನೆಗೆ ಬಾ ಅಂತ ಅಂಗಲಾಚಿದವರೂ ಅವರೇ ಅಂತ ಆಗ ತಿಳಿಯಿತು. ಪೂಜೆಯನ್ನು ಉದ್ದ ಮಾಡಿದ್ದಾರೆ, ಅಂಗೈ ಮೇಲಿನ ಲಿಂಗವನ್ನು ಕಣ್ಣುರಿಯುವವರೆಗೆ ನೋಡಿದ್ದಾರೆ, ಸೋಮವಾರ ಒಪ್ಪೊತ್ತು ಇದ್ದಾರೆ. ನನಗೆ ಎಂಥ ಕೋಪ ಬಂತೆಂದರೆ, ಒರೆಸುವ ಬಟ್ಟೆಯನ್ನು ಆ ಚಿತ್ರಕ್ಕೆ ಎಸೆಯಬೇಕು ಅನಿಸಿತು. ಅದೇ ಹೊತ್ತಿಗೆ ಅಳುವೂ ಬಂತು. ಈ ಮನುಷ್ಯ ನನಗೆ ಮಾಡಿದ್ದನ್ನೇ ತನಗೂ ಮಾಡಿಕೊಂಡು ಕೂತಿದ್ದರು, ಒಂದು ಎಳೆಯೂ ಕಡಿಮೆ ಮಾಡದೆ.

ಮಾರನೆಯ ದಿನ ಬೆಳಿಗ್ಗೆ ಗಂಡನೂ ನಾನೂ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಠಕ್ಕೆ ಹೋಗುವವರ ಹಾಗೆ ಹೊರಟರು. ಡಾಕ್ಟರು ನನಗಿಂತ ಚಿಕ್ಕವರು. ಕಣ್ಣಿಗೆ ಔಷಧಿ ಬಿಟ್ಟು ಕಾಯಿಸಿದರು, ಗಲ್ಲ ಇಡಿಸಿ ಬೆಳಕು ಬಿಟ್ಟು ನೋಡಿದರು, ಕತ್ತಲ ಕೋಣೆಯಲ್ಲಿ ಕೂರಿಸಿ ಮಿಣುಕುವ ದೀಪಗಳನ್ನು ಎಣಿಸಲು ಹೇಳಿದರು. ಮಾವ ಎಲ್ಲದಕ್ಕೂ ತಲೆಬಾಗಿ ಹೇಳಿದ ಹಾಗೆ ಮಾಡಿದರು. "ಅಲ್ಲೊಂದು ಬೆಳಕು ಬಂತಾ ತಾತ?" ಅಂತ ಅವರು ಕೇಳಿದಾಗ, ಜೀವಮಾನದಲ್ಲಿ ಮೊದಲ ಸಲ ಅನಿಸುತ್ತದೆ, "ಇಲ್ಲಮ್ಮ, ಕಾಣ್ಲಿಲ್ಲ" ಅಂದರು.

ಕಣ್ಣೊಳಗೆ ಒತ್ತಡ ಹೆಚ್ಚಿ, ನೋಟ ಒಯ್ಯುವ ನರ ಒಣಗುತ್ತಾ ಹೋಗಿದೆ ಅಂದರು ಡಾಕ್ಟರು. ನೋಯುವುದಿಲ್ಲ, ಕೆಂಪಾಗುವುದಿಲ್ಲ, ಅದಕ್ಕೇ ಜನಕ್ಕೆ ತಿಳಿಯುವುದಿಲ್ಲ. ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ಅದು ತಿರುಗಿ ಬರುವುದಿಲ್ಲ. ಬಲಗಣ್ಣಿಗೂ ಶುರುವಾಗಿದೆ, ದಿನಾ ತಪ್ಪದೆ ಹನಿ ಹಾಕಿಕೊಂಡರೆ ಅದನ್ನು ಉಳಿಸಿಕೊಳ್ಳಬಹುದು.

"ಮಾಸಲು ಅನ್ನಿಸಿದ ಹೊಸದರಲ್ಲೇ ಬಂದಿದ್ರೆ ಎಡಗಣ್ಣನ್ನೂ ಸುಮಾರು ಉಳಿಸ್ಬಹುದಿತ್ತು" ಅಂದರು. "ಇಷ್ಟು ದಿನ ಏನ್ ಮಾಡ್ತಿದ್ರಿ ತಾತ?"

ಮಾವ ಕೈಯಲ್ಲಿದ್ದ ಕನ್ನಡಕವನ್ನು ಅಂಗಿಯ ಅಂಚಿಗೆ ಒರೆಸಿದರು. ಔಷಧಿ ಬಿಟ್ಟ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದು ಔಷಧಿಯೋ ಅಳುವೋ ನನಗೆ ಹೇಳಲಾಗಲಿಲ್ಲ. ಕೊನೆಗೆ ಉತ್ತರವನ್ನು ಡಾಕ್ಟರಿಗೆ ಹೇಳದೆ ನನ್ನ ಕಡೆ ತಿರುಗಿ ಹೇಳಿದರು.

"ದಿನಾ ಬೆಳಿಗ್ಗೆ ಶಿವನ್ನ ಕೇಳ್ತಿದ್ದೆ ಕಣಮ್ಮ, ನಾನೇನ್ ತಪ್ಪು ಮಾಡ್ದೆ ಹೇಳು ಅಂತ. ಒಂದು ವರ್ಷ ಕೇಳಿದೀನಿ. ಅಷ್ಟ್ ಕೇಳ್ದಾಗ, ಕಣ್ಣು ತೋರಿಸ್ಕೋ ಹೋಗೋ ಅಂತ ಅವ್ನಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ?"

ಅವರ ಕೈ ಹಿಡಿದುಕೊಂಡು ಮೆಟ್ಟಿಲಿಳಿಸಿದೆ. ಕೊನೆಯ ಮೆಟ್ಟಿಲು ಎಲ್ಲಿದೆ ಅಂತ ಇಬ್ಬರಿಗೂ ಸರಿಯಾಗಿ ಗೊತ್ತಾಗಲಿಲ್ಲ, ಇಬ್ಬರೂ ಕಾಲಿನಿಂದ ತಡಕಿ ತಡಕಿ ಇಳಿದೆವು.